ಹಗಲಿನಲ್ಲಿ ಬಂದ ಅಪ್ಪ

ನೂಲಿನ ಗಿರಣಿಯಲ್ಲಿ ಅವನದು ಎಳೆ ಕೂಡಿಸುವ ಕೆಲಸ. ಯಂತ್ರದ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತ, ಕಡಿದ ದಾರವನ್ನು ಬೆರಳ ತುದಿಯಲ್ಲಿ ಹೊಸೆದು ಸೇರಿಸಬೇಕು. ದಿನಕ್ಕೆ ಹನ್ನೆರಡು ಗಂಟೆ. ಹೊರಡುವಾಗ ಮಗಳು ಎದ್ದಿರುತ್ತಿರಲಿಲ್ಲ, ಬರುವಾಗ ಮಲಗಿಬಿಟ್ಟಿರುತ್ತಿದ್ದಳು. ಭಾನುವಾರ ಅವನೇ ಕಂಬಳಿಯನ್ನು ಮುಖದ ಮೇಲೆಳೆದುಕೊಂಡು ಹೆಣದ ಹಾಗೆ ಬಿದ್ದಿರುತ್ತಿದ್ದ. ಐದು ವರ್ಷದ ಮಗಳ ಪಾಲಿಗೆ ಅಪ್ಪ ಎಂದರೆ ಕಂಬಳಿಯಿಂದ ಹೊರಚಾಚಿದ ಎರಡು ಪಾದ.

ಅವನ ಅಜ್ಜ ಮನೆಯಲ್ಲೇ ಮಗ್ಗ ಹಾಕಿಕೊಂಡು ನೇಯುತ್ತಿದ್ದನಂತೆ; ಮಕ್ಕಳು ಪಕ್ಕದಲ್ಲೇ ಆಡುತ್ತಿದ್ದರಂತೆ. ಗಿರಣಿ ಬಂತು, ಕೆಲಸ ಮನೆ ಬಿಟ್ಟು ಹೋಯಿತು, ಅದರ ಬೆನ್ನಿಗೇ ಗಂಡಸರೂ ಹೋದರು.

ಎಂಟು ಗಂಟೆ ದುಡಿಮೆ ಸಾಕು ಎಂದು ಕೆಲಸಗಾರರು ಎರಡು ವರ್ಷ ಕೇಳಿದರು. ಕೊನೆಗೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಒಂದು ತಿಂಗಳು ಗೇಟಿನ ಮುಂದೆ ಕೂತರು. ಕಾನೂನೇನೋ ಆಯಿತು. ಜಾರಿಗೆ ಬರುವುದು ಯಾವಾಗ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಮೂರಕ್ಕೇ ಗಿರಣಿಯ ಗಂಟೆ ಹೊಡೆಯಿತು.

“ಹೋಗ್ರಪ್ಪಾ, ಇವತ್ತಿಂದ ಇಷ್ಟೇ,” ಎಂದ ಮೇಸ್ತ್ರಿ.

ಯಾರೂ ಕದಲಲಿಲ್ಲ.

“ಹೋಗಿ ಅಂದ್ನಲ್ಲ! ಮುಂದಿನ ಪಾಳಿಯವರು ಬಾಗಿಲಲ್ಲಿ ನಿಂತಿದ್ದಾರೆ.”

ಹೊರಗೆ ಬಿಸಿಲು ಕಣ್ಣು ಕುಕ್ಕಿತು. ತನ್ನ ಓಣಿಯಲ್ಲೇ ಅವನು ನೆಂಟರ ಮನೆ ಹುಡುಕುವವನಂತೆ ನಡೆದ. ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ತಟ್ಟಿದ. ಕಿಟಕಿಯಲ್ಲಿ ಮಗಳ ಮುಖ ಕಾಣಿಸಿತು.

“ಯಾರು ಬೇಕಿತ್ತು?”

“ನಾನು ಕಣಮ್ಮಾ, ಅಪ್ಪ.”

“ಸುಳ್ಳು ಹೇಳ್ಬೇಡಿ. ಅಪ್ಪ ರಾತ್ರಿ ಬರೋದು. ಅಮ್ಮ ನೀರಿಗೆ ಹೋಗಿದ್ದಾಳೆ, ಆಮೇಲೆ ಬನ್ನಿ.”

ಅವನಿಗೆ ನಗು ಬಂತು. ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಟ್ಟು, ಪಾದಗಳನ್ನು ಕಿಟಕಿಯ ಕಡೆಗೆ ಚಾಚಿದ. “ಇದನ್ನಾದರೂ ನೋಡಿದ್ದೀಯಾ?”

ಮಗಳು ಬಹಳ ಹೊತ್ತು ನೋಡಿದಳು. ಒಳಗೆ ಚಿಲಕ ಸರಿದ ಸದ್ದಾಯಿತು.

ಅಷ್ಟರಲ್ಲಿ ಓಣಿಯ ತುದಿಯಿಂದ ಹೆಂಡತಿ ಏದುಸಿರು ಬಿಡುತ್ತ ಓಡಿಬಂದಳು. ಗಂಡ ಬಂದನೆಂದು ಯಾರೋ ಹೇಳಿದ್ದೇ, ಕೊಡವನ್ನು ಕೈಪಂಪಿನ ಹತ್ತಿರವೇ ಬಿಟ್ಟು ಬಂದಿದ್ದಳು. ಗಿರಣಿಯವನು ಹಗಲಲ್ಲಿ ಮನೆಗೆ ಬಂದರೆ ಎರಡೇ ಅರ್ಥ: ಕೈ ಹೋಗಿರಬೇಕು, ಇಲ್ಲವೇ ಕೆಲಸ ಹೋಗಿರಬೇಕು. ಅವಳು ಅವನ ಎರಡೂ ಕೈ ಹಿಡಿದು ಬೆರಳು ಎಣಿಸಿದಳು. ಹತ್ತೂ ಇದ್ದವು.

“ಹಾಗಾದ್ರೆ ಕೆಲಸ ಹೋಯ್ತಾ? ಹೇಳಿಬಿಡಿ ರೀ, ನಾನು ಗಟ್ಟಿ ಇದ್ದೀನಿ.”

“ಹೋಗಿಲ್ಲ ಕಣೇ. ಇವತ್ತಿನ ಎಂಟು ಗಂಟೆ ಮುಗೀತು. ಇನ್ಮೇಲೆ ದಿನಾ ಮೂರು ಗಂಟೆಗೇ.”

“ಕೂಲಿ?”

“ಮೊದಲಿನಷ್ಟೇ.”

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಅವನು ಬಗ್ಗಿ ನೋಡಿದರೆ, ಉಸಿರು ಸಿಗದಷ್ಟು ನಗುತ್ತಿದ್ದಳು. “ಇಷ್ಟು ಹೊತ್ತಿಗೆ ಬಂದು ಮನೇಲಿ ಏನ್ ಮಾಡ್ತೀರಿ?”

“ನೀನೇ ಹೇಳು.”

“ನೀರು ತನ್ನಿ, ಮತ್ತೆ!”

ಮಗಳನ್ನು ಹೆಗಲೇರಿಸಿಕೊಂಡು ಅವನು ಹೊರಟ. ಪಂಪಿನ ಹತ್ತಿರ ಗಿರಣಿಯ ನಾಲ್ಕಾರು ಗಂಡಸರು ಆಗಲೇ ಕೊಡ ಹಿಡಿದು, ಹೊಸ ಅಳಿಯಂದಿರ ಹಾಗೆ ನಾಚಿಕೊಂಡು ಸಾಲಿನಲ್ಲಿ ನಿಂತಿದ್ದರು. ಯಾರಿಗೂ ಅವಸರವಿರಲಿಲ್ಲ.

ಹೆಗಲ ಮೇಲಿಂದ ಮಗಳು, “ಅಪ್ಪಾ, ನಿನ್ನ ತಲೆ ತುಂಬ ಹತ್ತಿ,” ಎಂದಳು. ಒಂದೊಂದೇ ಎಳೆ ಹೆಕ್ಕಿ, ಉಫ್ ಎಂದು ಗಾಳಿಗೆ ಊದತೊಡಗಿದಳು.