ಟೋಕನ್ ನಂಬರ್ ಹದಿನೇಳು

ನಾನು ಒಂದು ಕರಿ ಚೀಲ. ಚೀಲ ಎಂದ ಕೂಡಲೇ ಮೂಗು ಮುರಿಯಬೇಡಿ. ಸಂತೆಯಿಂದ ಬದನೆಕಾಯಿ ಹೊತ್ತು ತರುವ ಪೈಕಿ ನಾನಲ್ಲ. ಔಷಧಿ ಕಂಪನಿಯವರು ತಮ್ಮ ಮೆಡಿಕಲ್ ರೆಪ್‌ಗಳಿಗೆಂದೇ ಹೇಳಿ ಹೊಲಿಸಿದ ಚೀಲ. ಎರಡು ದೊಡ್ಡ ಖಾನೆ, ಮೂರು ಸಣ್ಣವು, ಎದೆಯ ಮೇಲೆ ಬೆಳ್ಳಿ ಬಣ್ಣದಲ್ಲಿ ಕಂಪನಿಯ ಹೆಸರು. ನನ್ನ ಜೊತೆ ಒಂದೇ ದಿನ ನಾನೂರು ಚೀಲ ಹುಟ್ಟಿದವು. ನನ್ನನ್ನು ಹೊಲಿದವಳಿಗೆ ಊಟದ ಹೊತ್ತಾಗಿತ್ತೋ ಏನೋ, ಒಳಗಿನ ಅಸ್ತರಿಗೆ ಒಂದು ಕಡೆ ಹೊಲಿಗೆಯೇ ಬೀಳಲಿಲ್ಲ. ಆ ಸಂದಿಯೊಳಗೆ ಏನು ಸೇರಿದರೂ ಹೊರಗಿನವರಿಗೆ ಕಾಣುವುದಿಲ್ಲ. ಅವಳ ಅವಸರವೇ ನನ್ನ ಹಣೆಬರಹವಾಯಿತು.

ಗದಗಿನಲ್ಲಿ ನನ್ನನ್ನು ಹೆಗಲಿಗೇರಿಸಿಕೊಂಡವನು ಗುರುಪಾದ ಯಲಿಗಾರ. ಹನ್ನೊಂದು ವರ್ಷದಿಂದ ಅದೇ ಕಂಪನಿ, ಅದೇ ಓಡಾಟ. ಇವತ್ತು ರೋಣ, ನಾಳೆ ಮುಂಡರಗಿ, ನಾಡಿದ್ದು ಲಕ್ಷ್ಮೇಶ್ವರ. ನಾನು ಬೈಕಿನ ಟ್ಯಾಂಕಿನ ಮೇಲೆ ಕೂತು ಧೂಳು ತಿನ್ನುತ್ತಿದ್ದೆ, ಅವನು ಹಿಂದೆ ಕೂತು ಬಿಸಿಲು ತಿನ್ನುತ್ತಿದ್ದ. ದವಾಖಾನೆ ಬಂದರೆ ಮೊದಲು ಕರವಸ್ತ್ರದಿಂದ ನನ್ನ ಮುಖ ಒರೆಸಿ, ಆಮೇಲೆ ತನ್ನದು ಒರೆಸಿಕೊಳ್ಳುತ್ತಿದ್ದ. ನನ್ನ ಹಿಡಿ ಬೆವರಿಗೆ ಜಾರುತ್ತದೆಂದು ಹೆಂಡತಿಯ ಹೊಲಿಗೆ ಡಬ್ಬಿಯಿಂದ ಹಳದಿ ದಾರ ತಂದು ಬಿಗಿಯಾಗಿ ಸುತ್ತಿದ್ದ. ನನಗೆ ಅವನ ಮೇಲೆ ಪ್ರಾಣ. ಇದನ್ನು ಹೇಳಲು ನನಗೇನೂ ಸಂಕೋಚವಿಲ್ಲ.

ರೆಪ್‌ನ ಕೆಲಸವೆಂದರೆ ಮುಖ್ಯವಾಗಿ ನಿಲ್ಲುವುದು. ಬೆಂಚು ಪೇಷಂಟುಗಳದ್ದು, ಗೋಡೆ ರೆಪ್‌ಗಳದ್ದು. ಎರಡು ತಾಸು ಗೋಡೆಗೆ ಆತುಕೊಂಡು ನಿಂತರೆ ಒಳಗೆ ಎರಡು ನಿಮಿಷ ಸಿಗುತ್ತದೆ. ಒಳಗೂ ನಿಂತೇ ಮಾತಾಡಬೇಕು. ಡಾಕ್ಟರ ಎದುರಿಗಿನ ಕುರ್ಚಿ ಖಾಲಿಯಿದ್ದರೂ ಗುರುಪಾದ ಕೂತವನಲ್ಲ. ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಅವನ ಜೊತೆ ಬರುವ ಏರಿಯಾ ಮ್ಯಾನೇಜರ್ ಕಟ್ಟಿ ಸಾಹೇಬರು ಮಾತ್ರ ಆ ಕುರ್ಚಿಯಲ್ಲಿ ಆರಾಮಾಗಿ ಕೂಡುತ್ತಿದ್ದರು. ಪಕ್ಕದಲ್ಲಿ ನಿಂತ ಗುರುಪಾದ ಆ ಕುರ್ಚಿಯನ್ನು ನೋಡುವ ರೀತಿ ನನಗೊಬ್ಬನಿಗೇ ಗೊತ್ತು. ಅವನಿಗೆ ಬೇಕಾದದ್ದು ಅದೊಂದೇ. ನಲವತ್ತು ತುಂಬುವುದರೊಳಗೆ ಡಾಕ್ಟರ ಮುಂದೆ ಕೂತು ಮಾತಾಡಬೇಕು.

ಕಟ್ಟಿ ಸಾಹೇಬರಿಗೂ ಅದು ಗೊತ್ತಿತ್ತು. ಒಂದು ಸಲ ಮುಂಡರಗಿಯ ಹೋಟೆಲಿನಲ್ಲಿ ಗಿರಮಿಟ್ಟು ತಿನ್ನುತ್ತ, ದನಿ ತಗ್ಗಿಸಿ ಹೇಳಿದರು.

"ಇನ್ನೆಷ್ಟ ದಿನಾ ಬಾಗಲಾ ಕಾಯ್ತೀಪಾ ಗುರುಪಾದ? ನಾ ಮ್ಯಾಲೆ ಹೊಂಟೀನಿ. ಏಪ್ರಿಲ್‌ದಾಗ ನನ್ನ ಜಾಗಾ ನಿನಗ. ಕಾರ್ಡ್ ಹೊಡಿಸಿ ಇಟ್ಕೊ. ಯಾರ ಮುಂದೂ ಬಾಯಿ ಬಿಡಬ್ಯಾಡ ಮತ್ತ."

ಮೂಗಿಗೆ ತುಪ್ಪ ಸವರುವುದೆಂದರೆ ಇದೇ ಎಂದು ನನಗೆ ಆಗ ತಿಳಿಯಲಿಲ್ಲ. ಗುರುಪಾದನಿಗಂತೂ ತುಪ್ಪದ ವಾಸನೆಯೇ ಹೊಟ್ಟೆ ತುಂಬಿಸಿಬಿಟ್ಟಿತು. ಮರುದಿನವೇ ಪ್ರೆಸ್ಸಿಗೆ ಹೋಗಿ ಒಂದು ಕಟ್ಟು ವಿಸಿಟಿಂಗ್ ಕಾರ್ಡು ಮಾಡಿಸಿದ. ಇಂಗ್ಲಿಷಿನ ಉಬ್ಬಿದ ಅಕ್ಷರದಲ್ಲಿ ಗುರುಪಾದ ಯಲಿಗಾರ, ಕೆಳಗೆ ಏರಿಯಾ ಮ್ಯಾನೇಜರ್. ದಪ್ಪ ಕಾಗದ, ಹಿಂದುಗಡೆ ಖಾಲಿ. ಹೆಂಡತಿಗೂ ತೋರಿಸದೆ ಆ ಕಟ್ಟನ್ನು ನನ್ನ ಅಸ್ತರಿನ ಸಂದಿಯೊಳಗೆ ತೂರಿಸಿದ. ಆಗಾಗ ಗೋಡೆಗೆ ನಿಂತು ಕಾಯುವಾಗ ಕೈ ಒಳಗೆ ಹಾಕಿ ಉಬ್ಬಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದ. ನನಗೆ ಕಚಗುಳಿಯಾಗುತ್ತಿತ್ತು.

ಫೆಬ್ರವರಿಯಲ್ಲಿ ಕಟ್ಟಿ ಸಾಹೇಬರು ಒಬ್ಬ ಹೊಸ ಹುಡುಗನನ್ನು ಕರೆದುಕೊಂಡು ಬಂದರು. ಅಭಿನಂದನ ಉಪಾಧ್ಯೆ, ಚಿಕ್ಕೋಡಿ ಕಡೆಯವನು. "ನೀ ಮ್ಯಾನೇಜರ್ ಆದಿಂದ ಗದಗ ನೋಡ್ಕೊಳ್ಳಾಕ ಒಬ್ಬ ಬೇಕಲ್ಲಾ? ನೀನ ತಯಾರ ಮಾಡು" ಎಂದರು. ಗುರುಪಾದ ಅವನನ್ನು ಒಂದು ತಿಂಗಳು ಬೈಕಿನ ಹಿಂದೆ ಕೂರಿಸಿಕೊಂಡು ಊರೂರು ತಿರುಗಿಸಿದ. ಪ್ರತಿ ಡಾಕ್ಟರ ಮುಂದೆಯೂ "ಇವ ನನ್ನ ತಮ್ಮಿದ್ದಂಗರಿ ಸರ್, ಕೈ ಹಿಡೀಬೇಕು" ಎಂದ. ಕೊನೆಗೆ ತನ್ನ ಹಳದಿ ಡೈರಿಯನ್ನೇ ಅವನ ಕೈಗಿಟ್ಟ. ಯಾವ ಡಾಕ್ಟರು ಊಟಕ್ಕೆ ಮುಂಚೆ ಸಿಡುಕುತ್ತಾರೆ, ಯಾರ ತಾಯಿಗೆ ಮಂಡಿನೋವು, ಯಾರ ಮಗಳು ವೀಣೆ ಕಲಿಯುತ್ತಾಳೆ, ಯಾವ ಕಂಪೌಂಡರನಿಗೆ ಒಂದು ಪೆಪ್ಪರ್‌ಮಿಂಟು ಕೊಟ್ಟರೆ ಬಾಗಿಲು ಬೇಗ ತೆರೆಯುತ್ತದೆ, ಎಲ್ಲ ಅದರಲ್ಲಿತ್ತು. ಹನ್ನೊಂದು ವರ್ಷ ಗೋಡೆಗೆ ನಿಂತು ಗಳಿಸಿದ್ದು ಅಷ್ಟೇ. ಅದನ್ನು ಖುಷಿಯಿಂದ ಕೊಟ್ಟ ನೋಡಿ, ಈಗಲೂ ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ.

ಏಪ್ರಿಲ್ ಬಂತು. ಅದೇ ಹೋಟೆಲು, ಅದೇ ಗಿರಮಿಟ್ಟು. ಕಟ್ಟಿ ಸಾಹೇಬರು ಮೇಜಿನ ಮೇಲೆ ಒಂದು ಲಕೋಟೆ ಇಟ್ಟರು. ಅದರಲ್ಲಿದ್ದದ್ದು ಬಡ್ತಿಯಲ್ಲ, ವರ್ಗ. ಅಸ್ಸಾಮಿನ ಸಿಲ್ಚರಿಗೆ, ಅದೇ ರೆಪ್ ಕೆಲಸಕ್ಕೆ.

"ಸರ್, ನನ್ನ ಹೆಂಡತಿ ಸಾಲಿ ಟೀಚರ್ ಇದ್ದಾಳ, ಮಗಳನ್ನ ಈಗ ಒಂದನೇತ್ತಾಕ ಹಾಕೇನಿ. ಸಿಲ್ಚರ್ ಎಲ್ಲೈತಿ ಅಂತನೂ ನನಗ ಗೊತ್ತಿಲ್ರಿ."

"ಹೋಗಲಾರದಿದ್ರ ರಾಜೀನಾಮೆ ಬರದು ಕೊಡು. ನನ್ನ ಕೈಯಾಗ ಏನೈತಿ, ಮ್ಯಾಲಿನವ್ರ ಮಾತು."

ಸಂಬಳ ಏರಿದ ಹಳಬನನ್ನು ತೆಗೆದುಹಾಕುವುದಕ್ಕಿಂತ ಅವನೇ ಬಿಟ್ಟು ಹೋಗುವಂತೆ ಮಾಡುವುದು ಕಂಪನಿಗೆ ಸುಲಭ. ಸಿಲ್ಚರಿಗೆ ಯಾರೂ ಹೋಗುವುದಿಲ್ಲವೆಂದು ಅವರಿಗೆ ಗೊತ್ತು, ಅದಕ್ಕೇ ಸಿಲ್ಚರು. ಗುರುಪಾದ ಅಲ್ಲೇ ಕೂತು ನಾಲ್ಕು ಸಾಲು ಬರೆದುಕೊಟ್ಟ. ಸಾಹೇಬರು ಕಾಗದ ಮಡಚಿ ಜೇಬಿಗಿಟ್ಟು, ನನ್ನ ಕಡೆ ಬೆರಳು ಮಾಡಿ "ಅದು ಕಂಪನಿದು" ಎಂದರು. ಅವನು ತನ್ನ ಊಟದ ಡಬ್ಬಿ, ಛತ್ರಿ, ಬಾಚಣಿಗೆ ಒಂದೊಂದಾಗಿ ತೆಗೆದ. ಆಮೇಲೆ ಕೈ ಅಸ್ತರಿನ ಸಂದಿಗೆ ಬಂತು. ಕಟ್ಟಿನ ಮೇಲೆ ಬೆರಳಿಟ್ಟ. ಮಾತು ಕೊಟ್ಟು ಮುರಿದವರು ಬೆರಳಿಗಂಟಿದ ಎಣ್ಣೆ ಒರೆಸಿಕೊಳ್ಳುತ್ತಿದ್ದರು. ನಂಬಿದ ಇವನಿಗೆ ಅವರೆದುರು ಆ ಕಾರ್ಡು ತೆಗೆಯಲು ನಾಚಿಕೆ. ಬರಿಗೈ ಹೊರಗೆಳೆದು ಎದ್ದು ಹೋದ.

ನಾನು ಅಭಿನಂದನನ ಹೆಗಲೇರಿದೆ. ಏನು ಮಾಡಲಿ, ಚೀಲಕ್ಕೆ ರಾಜೀನಾಮೆ ಕೊಡಲು ಬರುತ್ತದೆಯೆ?

ನಾಲ್ಕು ತಿಂಗಳ ಮೇಲೆ ಡಾಕ್ಟರ್ ಹಂಚಿನಾಳರ ದವಾಖಾನೆಯಲ್ಲಿ ಗುರುಪಾದನನ್ನು ಕಂಡೆ. ಯಾವುದೋ ಸಣ್ಣ ಕಂಪನಿಯ ಚೀಲ ಹಿಡಿದು ಅದೇ ಗೋಡೆಗೆ ನಿಂತಿದ್ದ. ಅಭಿನಂದನ ಅವನ ಮುಖ ನೋಡದೆ ಒಳಗೆ ಹೋದ. "ಸರ್, ಮಗಳ ವೀಣಾ ಪರೀಕ್ಷೆ ಹೆಂಗಾತ್ರಿ? ತಾಯಾರ ಮಂಡಿನೋವು?" ಎಂದ. ಅದೇ ಮಾತು, ಅದೇ ರಾಗ. ಡಾಕ್ಟರು "ನೀ ಎಷ್ಟ ನೆನಪ ಇಡ್ತೀಪಾ!" ಎಂದು ನಕ್ಕದ್ದು ಹೊರಗೂ ಕೇಳಿಸಿರಬೇಕು. ಬಾಗಿಲು ತೆರೆದಾಗ ಗುರುಪಾದ ಗೋಡೆಯ ಕಡೆ ಮುಖ ತಿರುಗಿಸಿ ಲಸಿಕೆಯ ಪಟ್ಟಿ ಓದುತ್ತಿದ್ದ. ಆ ವರ್ಷದ ಕೊನೆಗೆ ಅವನು ಈ ದಂಧೆಯನ್ನೇ ಬಿಟ್ಟು ಮೈದುನನ ಸಿಮೆಂಟ್ ಅಂಗಡಿಯಲ್ಲಿ ಕೂತನೆಂದು ರೆಪ್‌ಗಳು ಮಾತಾಡಿಕೊಂಡರು.

ಅಭಿನಂದನನಿಗೂ ಎರಡನೆಯ ವರ್ಷದಲ್ಲೇ ಕಟ್ಟಿ ಸಾಹೇಬರ ಬಾಯಿಂದ "ಕಾರ್ಡ್ ಹೊಡಿಸಿ ಇಟ್ಕೊ" ಎಂಬ ಮಾತು ಕೇಳಿಸಿತು. ಅವನು ಚುರುಕು. ವಾರದೊಳಗೆ ಬೇರೆ ಕಂಪನಿ ಹಿಡಿದ. ಅವನ ಹಿಂದೆ ಒಬ್ಬ ಬಂದ, ಐದು ತಿಂಗಳಿಗೆ ಹೋದ. ಇನ್ನೊಬ್ಬನ ಹೆಸರು ನನಗೆ ಬಾಯಿಪಾಠವಾಗುವಷ್ಟರಲ್ಲಿ ಅವನೂ ಇಲ್ಲ. ಅಷ್ಟರಲ್ಲಿ ನನ್ನ ಜಿಪ್ಪು ಕಿತ್ತುಹೋಗಿತ್ತು. ಕೊನೆಯವನು ಹಂಚಿನಾಳರ ಕಂಪೌಂಡರ್ ಫಕ್ಕೀರಪ್ಪನ ಮೇಜಿನ ಮೇಲೆ ನನ್ನನ್ನು ಇಟ್ಟು "ಕಾಕಾ, ನಿಮಗ ಬೇಕಾದ್ರ ಇಟ್ಕೋರಿ, ಕಂಪನಿಯವ್ರು ಕೇಳಂಗಿಲ್ಲ" ಎಂದು ಹೋಗಿಬಿಟ್ಟ.

ಫಕ್ಕೀರಪ್ಪ ನನ್ನನ್ನು ಕೊಡವಿದಾಗ ಸಂದಿಯಿಂದ ಆ ಕಟ್ಟು ಬಿತ್ತು. ಹೆಸರಿಗೆ ಕಂಪೌಂಡರ್, ಕೆಲಸ ಬಾಗಿಲು ಕಾಯುವುದು, ಅವನಿಗೆ ಇಂಗ್ಲಿಷ್ ಓದಲು ಬಾರದು. ದಪ್ಪ ಕಾಗದ, ಹಿಂದುಗಡೆ ಖಾಲಿ, ಅಷ್ಟೇ ಸಾಕಾಯಿತು. ಕೆಂಪು ಪೆನ್ನಿನಿಂದ ಒಂದರಿಂದ ಐವತ್ತರವರೆಗೆ ನಂಬರು ಬರೆದು ಪೇಷಂಟುಗಳಿಗೆ ಟೋಕನ್ ಮಾಡಿಕೊಂಡ. ನನ್ನನ್ನು ಮೇಜಿನ ಪಕ್ಕದ ಮೊಳೆಗೆ ನೇತುಹಾಕಿ ಟೋಕನ್ ಹಾಕುವ ಚೀಲ ಮಾಡಿದ. ಈಗ ನನ್ನ ಬಾಳು ಇದೇ ಮೊಳೆಯ ಮೇಲೆ.

ಹೋದ ಸೋಮವಾರ ಗುರುಪಾದ ಬಂದ. ಕೂದಲು ಅರ್ಧ ಬೆಳ್ಳಗಾಗಿದೆ. ಮಗಳಿಗೆ ಜ್ವರ.

"ಯಲಿಗಾರ್ರ! ಬರ್ರಿ ಬರ್ರಿ" ಎಂದು ಫಕ್ಕೀರಪ್ಪ ನನ್ನೊಳಗಿಂದ ಒಂದು ಟೋಕನ್ ತೆಗೆದುಕೊಟ್ಟ. ಹದಿನೇಳು. ಗುರುಪಾದ ಅಭ್ಯಾಸಬಲದಿಂದ ಗೋಡೆಗೆ ನಿಂತ. ಮಗಳು ಕೈ ಹಿಡಿದು ಜಗ್ಗಿ ಬೆಂಚಿನ ಮೇಲೆ ಕೂರಿಸಿಕೊಂಡಳು. ಟೋಕನ್ ಇಸಿದುಕೊಂಡು ತಿರುಗಿಸಿದಳು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ಪಪ್ಪಾ, ಇದರಾಗ ನಿನ್ನ ಹೆಸರೈತಿ! ಏರಿಯಾ ಮ್ಯಾನೇಜರ್ ಅಂತ. ನೀ ಮ್ಯಾನೇಜರ್ ಇದ್ದೇನು?"

ಅವನು ಕಾರ್ಡು ಕೈಗೆ ತೆಗೆದುಕೊಂಡ. ಹೆಬ್ಬೆರಳು ಉಬ್ಬಿದ ಅಕ್ಷರಗಳ ಮೇಲೆ ಒಮ್ಮೆ ಹೋಯಿತು. ಆಮೇಲೆ ತಲೆಯೆತ್ತಿ ಎದುರಿನ ಮೊಳೆಯ ಮೇಲಿದ್ದ ನನ್ನನ್ನು ಕಂಡ. ಹಿಡಿಯ ಮೇಲೆ ಇನ್ನೂ ಎರಡು ಸುತ್ತು ಹಳದಿ ದಾರ ಉಳಿದಿತ್ತು.

"ಇಲ್ಲವ್ವಾ" ಎಂದ. "ಅಂವ ಬ್ಯಾರೆ ಯಲಿಗಾರ."

ಒಳಗಿಂದ ಕರೆ ಬಂತು. ಡಾಕ್ಟರು ಎದುರಿನ ಕುರ್ಚಿ ತೋರಿಸಿ ಕೂಡಲು ಹೇಳಿದ್ದನ್ನು ತೆರೆದ ಬಾಗಿಲಿನಿಂದ ನೋಡಿದೆ. ಗುರುಪಾದ ಮಗಳನ್ನು ಅದರಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ನಿಂತ.

ಹೊರಗೆ ಬಂದಾಗ ಫಕ್ಕೀರಪ್ಪ ಕೈ ಚಾಚಿದ. "ಟೋಕನ್ ಕೊಡ್ರಿ ಯಲಿಗಾರ್ರ, ನಾಳೆ ಬೇಕಾಗ್ತೈತಿ."

ಗುರುಪಾದ ಅದನ್ನು ಅವನ ಕೈಗೆ ಕೊಡಲಿಲ್ಲ. ತಾನೇ ನನ್ನ ಹತ್ತಿರ ಬಂದು, ನಂಬರು ಮೇಲೆ ಬರುವಂತೆ ತಿರುಗಿಸಿ, ಮೆಲ್ಲಗೆ ಒಳಗೆ ಇಳಿಬಿಟ್ಟ. ಜಿಪ್ಪು ಎಳೆಯಲು ಬೆರಳು ತಡಕಾಡಿತು. ಜಿಪ್ಪು ಇರಲಿಲ್ಲ.