ಬಾಗಿಲಾಚೆಯ ಕೆಮ್ಮು

ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಚೌಕ, ಅದರೊಳಗೆ ನನ್ನ ಮುಖ, ಈ ಹಣೆ ಇಷ್ಟೊಂದು ಸುಕ್ಕಾದದ್ದು ಯಾವಾಗ, ಅಲ್ಲಿ ನೋಡಬೇಡ ಅರ್ಲೀನ್, ಪ್ರಶ್ನೆ ನೋಡು — ಶ್ವಾಸಕೋಶದ ಗಾಳಿಚೀಲಗಳ ಗೋಡೆ ದಪ್ಪವಾದರೆ ಆಮ್ಲಜನಕಕ್ಕೆ ಏನಾಗುತ್ತದೆ — ಅಯ್ಯೋ, ಅದನ್ನು ನನ್ನನ್ನು ಕೇಳುತ್ತೀರಾ, ಹೋಬರ್ಟನನ್ನು ಕೇಳಿ, ಹರೆಯವಿಡೀ ಗಣಿಯೊಳಗೆ ಕಲ್ಲಿದ್ದಲ ಧೂಳು ಕುಡಿದ ನನ್ನ ಗಂಡನನ್ನು, ಇಲ್ಲೇ ಇದ್ದಾನಲ್ಲ, ನನ್ನ ಎಡಗಡೆಯ ಬಾಗಿಲಿನ ಆಚೆ, ಬಚ್ಚಲ ಟಬ್ಬಿನ ಅಂಚಿನ ಮೇಲೆ, ನೀಲಿ ಟವೆಲನ್ನು ಬಾಯಿಗೊತ್ತಿಕೊಂಡು. ನಾನೇ ಕೂರಿಸಿದ್ದು. ಹೊರಗೆ ಕಳಿಸೋಣವೆಂದರೆ ಹಿಮ, ತಣ್ಣನೆ ಗಾಳಿ ಅವನ ಎದೆಗೆ ಆಗದು, ಅಡುಗೆಮನೆಗೆ ಬಾಗಿಲೇ ಇಲ್ಲ, ಚಕ್ರದ ಮೇಲೆ ಬಂದಿಳಿದ ಈ ತಗಡಿನ ಮನೆಯಲ್ಲಿ ಆ ತುದಿಯಲ್ಲಿ ಸೀನಿದರೆ ಈ ತುದಿಯಲ್ಲಿ ಕಾಫಿ ಕಪ್ಪು ಅದುರುತ್ತದೆ. ಪರೀಕ್ಷೆ ಮನೇಲೇ, ಕಂಪ್ಯೂಟರಿನ ಕ್ಯಾಮೆರಾನೇ ಕಾವಲು, ಬಾಗಿಲು ಹಾಕಿದ ಒಂದು ಕೋಣೆ, ನೀನೊಬ್ಬಳೇ, ಅಷ್ಟೇ ಕಣಮ್ಮ ಬೇಕಾಗಿರೋದು, ಅಂದಿದ್ದಳು ಕಾಲೇಜಿನ ಹುಡುಗಿ ಫೋನಿನಲ್ಲಿ, ಅಷ್ಟೇ ಅಂತೆ, ಅವಳಪ್ಪನ ಮನೆಯಲ್ಲಿ ಎಷ್ಟು ಕೋಣೆಯೋ. ಪಾಠವೆಲ್ಲ ಚರ್ಚಿನ ಎದುರು ಟ್ರಕ್ಕಿನಲ್ಲೇ ಕೂತು ಕೇಳಿದವಳು ನಾನು, ಪಾದ್ರಿಯ ವೈಫೈ ಬರುವುದು ಆ ಮೇಪಲ್ ಮರದ ತನಕ, ಅಲ್ಲೇ ಅರ್ಜಿ ಹಾಕಿದ್ದು, ಅಲ್ಲೇ ಮೂಳೆ ನರ ಎಲ್ಲ ಬಾಯಿಪಾಠ ಮಾಡಿದ್ದು, ಪರೀಕ್ಷೆಗೆ ಮಾತ್ರ ವಾಹನದಲ್ಲಿ ಕೂರುವಂತಿಲ್ಲವಂತೆ, ಅದಕ್ಕೇ ಈ ತಿಂಗಳ ಮಟ್ಟಿಗೆ ಮನೆಗೇ ಇಂಟರ್ನೆಟ್ಟು ಹಾಕಿಸಿದ್ದು. ನಲವತ್ತಾರಕ್ಕೇ ಅರಳು ಮರಳಾ ನಿಂಗೆ, ಅಂದಳು ನಾದಿನಿ ವಿಲ್ಮಾ, ಮಕ್ಕಳ ವಯಸ್ಸಿನೋರ ಜೊತೆ ಕಾಲೇಜಂತೆ ಕಾಲೇಜು, ಅದೂ ಕಂಪ್ಯೂಟರಿನೊಳಗೆ. ನಗಲಿ ಬಿಡು. ಇದೊಂದು ಪಾಸಾದರೆ ಉಸಿರಾಟದ ಚಿಕಿತ್ಸೆಯ ತರಗತಿಯಲ್ಲಿ ಸೀಟು, ಆಮೇಲೆ ಆಸ್ಪತ್ರೆಯಲ್ಲಿ ಕೆಲಸ, ಕೆಲಸಕ್ಕೆ ವಿಮೆ, ವಿಮೆಯಿದ್ದರೆ ಹೋಬರ್ಟನನ್ನು ಲೆಕ್ಸಿಂಗ್ಟನ್ನಿನ ದೊಡ್ಡ ಡಾಕ್ಟರು ಮುಟ್ಟಿ ನೋಡುತ್ತಾರೆ, ಎರಡನೆಯ ಉತ್ತರ, ಆಮ್ಲಜನಕ ರಕ್ತಕ್ಕೆ ಸರಿಯಾಗಿ ದಾಟುವುದಿಲ್ಲ, ಗುರುತು ಹಾಕು, ಮುಂದೆ.

ಶುರುವಿಗೇ ಒಂದು ಎಚ್ಚರಿಕೆ ಬಂದಾಗಿದೆ, ಕೋಣೆಯಲ್ಲಿ ಬೇರೆಯವರ ಸದ್ದು ಕೇಳಿಸಿದೆ ಅಂತ ಕೆಂಪಕ್ಷರದಲ್ಲಿ, ಅವನು ಕೆಮ್ಮಿದ್ದ, ನಾನು ತಡೆಯಲಾರದೆ ಬಾಗಿಲ ಕಡೆ ತಿರುಗಿದೆ, ದೃಷ್ಟಿ ಪರದೆಯ ಮೇಲಿಲ್ಲ ಅಂತ ಇನ್ನೊಂದು, ಮೂರನೆಯದು ಬಂದರೆ ಪರೀಕ್ಷೆ ರದ್ದು. ಕೆಮ್ಮಬೇಡ್ವೋ ಮಾರಾಯ, ಒಂದೇ ಒಂದು ಗಂಟೆ, ಅಂತ ಬೆಳಗ್ಗೆ ಅಂಗಲಾಚಿದ್ದೆ, ಅವನು ನಕ್ಕಿದ್ದ, ನಂಗೇ ಹೇಳ್ಕೊಡ್ತೀಯೇನೇ, ಕಂಪನಿ ಡಾಕ್ಟರ ಮುಂದೆ ಎಷ್ಟು ವರ್ಷ ಕೆಮ್ಮದೆ ನಿಂತೋನು ನಾನು. ಹೌದು, ನಿಂತಿದ್ದ. ಎಲ್ಲರೂ ನಿಲ್ಲುತ್ತಿದ್ದರು, ಕೆಮ್ಮಿದವನ ಹೆಲ್ಮೆಟ್ಟು ಮರುದಿನ ಇನ್ನೊಬ್ಬನ ತಲೆಯ ಮೇಲೆ ಇರುತ್ತಿತ್ತು, ಹಾಗಾಗಿ ಉಸಿರು ಕಟ್ಟಿ ನಿಂತು, ಚೆನ್ನಾಗಿದೀನಿ ಡಾಕ್ಟ್ರೇ, ಕುದುರೆ ಹಾಗಿದೀನಿ ಅಂದು, ಟ್ರಕ್ಕಿಗೆ ಬಂದು ಸ್ಟೀರಿಂಗ್ ಹಿಡಿದು ಕರುಳು ಕಿತ್ತು ಬರುವ ಹಾಗೆ ಕೆಮ್ಮುತ್ತಿದ್ದರು. ಗೆದ್ದೆ ಕಣೇ ಅಂತ ಮನೆಗೆ ಬರುತ್ತಿದ್ದ, ನಾನು ಹುರುಳಿಕಾಯಿ ಬೀಜದ ಸಾರು, ಜೋಳದ ಬ್ರೆಡ್ಡು ಮಾಡಿ ಬಡಿಸುತ್ತಿದ್ದೆ, ಗೆದ್ದನಂತೆ, ಗೆದ್ದದ್ದು ಯಾರು, ಹಾಳಾದವರು, ಧೂಳು ತಿನ್ನಿಸಿದವರು ಫ್ಲಾರಿಡಾದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಾರೆ. ಮುಂದಿನ ಪ್ರಶ್ನೆ, ಕೆಮ್ಮು ಎಂಬುದು ದೇಹದ ಯಾವ ಬಗೆಯ ಕ್ರಿಯೆ — ರಕ್ಷಣೆಯದು, ಗೊತ್ತು, ತಡೆಯಬಾರದು, ಗೊತ್ತು, ಗುರುತು ಹಾಕು.

ಸದ್ದಿಲ್ಲ. ಇಷ್ಟು ಹೊತ್ತು ಬಾಗಿಲಾಚೆ ಟವೆಲಿನೊಳಗೆ ಗುರ್ ಗುರ್ ಅನ್ನುತ್ತಿತ್ತು, ಈಗ ಅದೂ ಇಲ್ಲ, ಮಲಗಿದರೂ ಉಂಡರೂ ಕೇಳುತ್ತಲೇ ಇದ್ದ ಸದ್ದು, ನಿದ್ದೆಯಲ್ಲೂ ಅದನ್ನು ಕೇಳಿಸಿಕೊಂಡೇ ನಾನು ಬದುಕಿದ್ದು, ಪರದೆ ನೋಡು ಅರ್ಲೀನ್, ನಾಲ್ಕೇ ನಾಲ್ಕು ಪ್ರಶ್ನೆ ಉಳಿದಿವೆ, ಅವನಿಗೆ ಅಭ್ಯಾಸವಿದೆ, ಕುದುರೆ ಹಾಗಿದ್ದಾನೆ, ಚೌಕದೊಳಗಿನ ಆ ಹೆಂಗಸು ಪರದೆಯನ್ನೇ ನೋಡುತ್ತಿದ್ದಾಳೆ, ಜಾಣೆ, ನೋಡುತ್ತಲೇ ಇರು, ಒಂದು ಸಲ ಕೆಮ್ಮೋ, ಒಂದೇ ಸಲ, ರದ್ದಾದರೆ ಆಗಲಿ — ತಿರುಗಿಬಿಟ್ಟೆ. ಎದ್ದೇ ಬಿಟ್ಟೆ. ಹಿಂದೆ ಯಂತ್ರ ಟಿಂಗ್ ಅಂದಿತು, ಮುಗಿಯಿತು, ಬಾಗಿಲು ನೂಕಿದೆ, ಟಬ್ಬಿನ ಅಂಚಿನ ಮೇಲೆ ಹಾಗೇ ಕೂತಿದ್ದಾನೆ, ಕಣ್ಣುಗುಡ್ಡೆ ಹೊರಗೆ ಬಂದಿದೆ, ಕತ್ತಿನ ನರ ಹಗ್ಗದಂತೆ ಉಬ್ಬಿದೆ, ನನ್ನನ್ನು ಕಂಡು ಕೈ ಬೀಸುತ್ತಾನೆ, ಹೋಗು, ಹೋಗಿ ಕೂತ್ಕೋ ಅಂತ. ಮುಗೀತು ಕಣೋ, ಕೆಮ್ಮು, ಈಗ ಕೆಮ್ಮು ಅನ್ನುತ್ತೇನೆ, ಅವನು ನಂಬುತ್ತಿಲ್ಲ, ತಲೆಯಾಡಿಸುತ್ತಾನೆ, ಎಳೆಯುತ್ತೇನೆ, ಎರಡೂ ಕೈಯಲ್ಲಿ ಎಳೆಯುತ್ತೇನೆ, ಹಲ್ಲು ಕಚ್ಚಿ ಹಿಡಿದಿದ್ದಾನೆ, ಬಿಡುತ್ತಿಲ್ಲ, ಆ ನೀಲಿ ಟವೆಲು, ಬಾಯಲ್ಲಿ ಆ ನೀಲಿ ಟವೆಲು