ಪಂಡಿತ ಭಾವನ ಬ್ಯಾಟರಿ

ಮನೆಯ ಹಿರಿಮಗನಿಗೆ ಪಂಡಿತ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಸಿಕ್ಕರೆ ಅವನ ಬಾಯಿಗೆ ಬೀಗ ಜಡಿಯಬೇಕೆಂದು ಕಿರಿಸೊಸೆಗೆ ಎಷ್ಟೋ ಸಲ ಅನ್ನಿಸಿತ್ತು. ಗೇಲಿಗೆ ಇಟ್ಟ ಹೆಸರನ್ನು ಭಾವ ಬಿರುದೆಂದೇ ನಂಬಿದ್ದ.

ಅವಳು ಬೇಕರಿಗೆ ಕೇಕು ಮಾಡಿಕೊಡುವವಳು. ಆ ಬೆಳಿಗ್ಗೆ ಅವಳ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತನ್ನ ತಿಂಡಿ ತೂಗಲು ಹೊರಟ ಭಾವ, ಅದು ತಪ್ಪು ತೋರಿಸುತ್ತಿದೆಯೆಂದು ಬ್ಯಾಟರಿ ಬಿಚ್ಚಿ ಮೇಜಿನ ಅಂಚಿನಲ್ಲಿಟ್ಟು ಫೋನಿನಲ್ಲಿ ಯಾರಿಗೋ ಪಥ್ಯ ಬೋಧಿಸತೊಡಗಿದ. ತಿರುಗಿ ನೋಡಿದರೆ ಬಿಲ್ಲೆಯಂಥ ಆ ಬ್ಯಾಟರಿ ಮಾಯ. ಅವಳ ಮೂರು ವರ್ಷದ ಮಗಳು ಜೊಲ್ಲು ಸುರಿಸುತ್ತ ಕುತ್ತಿಗೆ ಹಿಡಿದುಕೊಂಡು ನಿಂತಿದ್ದಳು.

"ಬಾಳೆಹಣ್ಣು ತಿನ್ಸಿ, ನಾಳೆ ತಾನಾಗೇ ಹೊರಗೆ ಬರತ್ತೆ," ಎಂದ ಪಂಡಿತ. "ಚಿಕ್ಕೋನಿದ್ದಾಗ ನಾನೂ ಕೋಟಿನ ಗುಂಡಿ ನುಂಗಿದ್ದೆ. ಏನಾಯ್ತು?"

"ಏನಾಯ್ತು ಅಂತ ದಿನಾ ನೋಡ್ತಾನೇ ಇದೀವಲ್ಲ!" ಎಂದಳು ಕಿರಿಸೊಸೆ.

ವಾಂತಿ ಮಾಡಿಸಲು ಅತ್ತೆ ಬೆರಳು ಚಾಚಿಕೊಂಡು ಬಂದರು. ಅವಳು ಆ ಕೈಯನ್ನು ತಳ್ಳಿದಳು. "ಅಣ್ಣ ಹೇಳೋದೂ ಸ್ವಲ್ಪ..." ಎಂದು ಗಂಡ ರಾಗ ಎಳೆಯುವಷ್ಟರಲ್ಲಿ ಮಗುವನ್ನೆತ್ತಿಕೊಂಡು ಬೀದಿಗಿಳಿದಿದ್ದಳು. ಗಂಡ ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. "ನಾಣ್ಯ ಅಲ್ಲ ಇದು, ಅಂಚಲ್ಲಿ ಬಳೆ ಥರ ಎರಡು ಸುತ್ತು ಕಾಣ್ತಿದೆ ನೋಡಿ. ಬ್ಯಾಟರೀನೇ. ಅನ್ನನಾಳದಲ್ಲಿ ಕೂತು ಸುಡ್ತಾ ಇದೆ, ಈಗ್ಲೇ ತೆಗೀಬೇಕು. ವಾಂತಿ ಮಾಡ್ಸಿದ್ರಾ?"

"ಇಲ್ಲ. ಬಿಡಲಿಲ್ಲ ನಾನು."

"ಒಳ್ಳೇದ್ ಮಾಡಿದ್ರಿ."

ಮಗುವನ್ನು ಒಳಗೊಯ್ದು ಬಾಗಿಲು ಮುಚ್ಚಿದರು. ಅಲ್ಲಿಯವರೆಗೆ ಸಿಟ್ಟೇ ಅವಳನ್ನು ನಿಲ್ಲಿಸಿತ್ತು. ಈಗ ಗೋಡೆಗೊರಗಿ ಕುಳಿತುಬಿಟ್ಟಳು.

ಗಂಟಲಿನಿಂದ ಕೊಳವೆ ಇಳಿಸಿ ಬ್ಯಾಟರಿ ತೆಗೆದರು. ಕರ್ರಗಾಗಿತ್ತು. ಒಳಗೆ ಸುಟ್ಟಗಾಯವಿದೆ, ಕೆಲವು ದಿನ ಮೂಗಿನ ನಳಿಗೆಯಲ್ಲೇ ಆಹಾರ, ಮಾಯುತ್ತದೆ, ಆದರೆ ಮತ್ತೆ ಮತ್ತೆ ತೋರಿಸಬೇಕು ಎಂದರು ಡಾಕ್ಟರಮ್ಮ.

ಮರುದಿನ ಪಂಡಿತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಮಗುವನ್ನು ನೋಡುವ ಮೊದಲೇ ವರಾಂಡದಲ್ಲಿ ಪಕ್ಕದ ಹಾಸಿಗೆಯವರ ನೆಂಟರನ್ನು ಕೂರಿಸಿಕೊಂಡಿದ್ದ. "ಮೊದಲು ಗೊತ್ತಾಗಿದ್ದೇ ನನಗೆ. ಒಂದು ಕ್ಷಣಾನೂ ತಡ ಮಾಡಬೇಡಿ, ಓಡಿ ಅಂದೆ!"

ಅವಳು ಹೊರಗೆ ಬಂದಳು. "ಭಾವ, ನಿಮ್ಮ ಬಾಳೆಹಣ್ಣಿನ ಉಪದೇಶ ನಮ್ಮ ಪಾಲಿಗಾದದ್ದು ಸಾಕು. ಬೇರೆಯವರ ಮಕ್ಕಳನ್ನಾದ್ರೂ ಬದುಕೋಕೆ ಬಿಡಿ."

"ನಾಲಿಗೆ ಉದ್ದ ಇವಳಿಗೆ," ಎಂದು ಪಂಡಿತ ಬಾಗಿಲಲ್ಲಿ ನಿಂತಿದ್ದ ತಮ್ಮನತ್ತ ತಿರುಗಿದ. ತಮ್ಮ ಈ ಸಲ ತಲೆಯಾಡಿಸಲಿಲ್ಲ. ಅಷ್ಟೇ. ಅದನ್ನೊಂದು ಪರಾಕ್ರಮವೆಂದು ಒಪ್ಪಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಒಳಗಿನಿಂದ ಮಗಳು ಒಡಕು ದನಿಯಲ್ಲಿ ಕರೆದಳು. ಅವಳು ಗಂಡನನ್ನೂ ದಾಟಿ ಒಳಗೆ ಹೋದಳು.